ತಾಯಿ ಕಾರ್ಡ್ ಊರಲ್ಲಿ, ತಾಯಿ ಬೆಂಗಳೂರಲ್ಲಿ

ಬೆಂಗಳೂರಿನ ಆರೋಗ್ಯದ ಮಾತು ಬಂದಾಗಲೆಲ್ಲ ಕಸ, ಹೊಗೆ, ಸೊಳ್ಳೆ ಅಂತ ಶುರುವಾಗಿ ಟ್ರಾಫಿಕ್ಕಿನಲ್ಲಿ ಮುಗಿಯುತ್ತೆ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಂತೂ ದಿನಾ ಇದೇ ಹಾಡು :) ಈ ಚರ್ಚೆಯಲ್ಲಿ ಒಂದು ದೊಡ್ಡ ಗುಂಪು ಯಾವತ್ತೂ ಬರೋದೇ ಇಲ್ಲ. ಆ ಗುಂಪು ನಮ್ಮೂರ ಕಡೆಯದು ಅನ್ನೋ ಕಾರಣಕ್ಕೆ ಈ ಬರಹ.

ನಮ್ಮೂರು ಭೀಮರಾಯನಗುಡಿ. ಗೊತ್ತಿಲ್ಲದವರಿಗೆ: ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲನಿ, ಕಾಡಾ ಕಚೇರಿ, ಕೃಷಿ ಕಾಲೇಜು ಇರೋ ಊರು. ನಾರಾಯಣಪುರದ ಕಾಲುವೆ ನೀರು ಬಂದ ಕಡೆ ಭತ್ತದ ಗದ್ದೆ. ನೀರು ಮುಟ್ಟದ ಊರುಗಳಿಂದ, ತಾಂಡಾಗಳಿಂದ ಜನ ಗುಳೆ ಹೋಗ್ತಾರೆ. ಶಹಾಪುರ, ಸುರಪುರದಿಂದ ರಾತ್ರಿ ಬೆಂಗಳೂರಿಗೆ ಹೊರಡೋ ಬಸ್ಸು ನೋಡಿ... ಜೋಳದ ಚೀಲ, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು.

ಇಳಿಯೋದು ಯಾವುದೋ ಅಪಾರ್ಟ್‌ಮೆಂಟ್ ಏಳುತ್ತಿರೋ ಸೈಟಿನಲ್ಲಿ. ತಗಡಿನ ಶೆಡ್ಡು, ಟ್ಯಾಂಕರ್ ನೀರು, ಎಷ್ಟೋ ಮನೆಗೆ ಸೇರಿ ಒಂದೆರಡು ಶೌಚಾಲಯ. ನೀರು ತುಂಬಿಟ್ಟ ಡ್ರಮ್ಮಿನಲ್ಲೇ ಸೊಳ್ಳೆ. ಇನ್ನು ಜ್ವರ, ಭೇದಿ ಬರದೆ ಇರುತ್ತಾ? ನಾನಿರೋ ರಸ್ತೆಯ ಸೈಟಿನಲ್ಲಿ ಸುರಪುರ ಕಡೆಯ ಹೆಣ್ಣುಮಗಳೊಬ್ಬಳು ಜ್ವರದಲ್ಲೇ ಇಟ್ಟಿಗೆ ಹೊರುತ್ತಿದ್ದಳು. ದವಾಖಾನಿಗೆ ಹೋಗಬಾರದಾ ಅಂದರೆ, "ಹೋದ್ರ ಹಾಜರಿ ಹೋಗ್ತದರಿ ಅಣ್ಣಾ, ಗುಳಿಗಿ ತಗೊಂಡೀನಿ" ಅಂದಳು. ಅವಳ ಲೆಕ್ಕ ಸರಿಯಾಗೇ ಇದೆ. ನಮ್ಮ ಕ್ಲಿನಿಕ್ 2022ರ ಡಿಸೆಂಬರಿನಲ್ಲಿ ಶುರುವಾದಾಗ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಔಷಧಿ ಪುಕ್ಕಟೆ ಸರಿ, ಆದರೆ ದಿನಗೂಲಿಯವರಿಗೆ ಆ ಸಮಯ ಪುಕ್ಕಟೆ ಅಲ್ಲವಲ್ಲ! ಆಮೇಲೆ ಕೆಲವು ಕ್ಲಿನಿಕ್ಕುಗಳನ್ನು ಸಂಜೆ ತೆರೆದಿಟ್ಟರು. ಕೂಲಿಯವರು ಹೆಚ್ಚಿರೋ ಕಡೆಯೆಲ್ಲ ಅದೇ ಸಮಯ ಇರಬೇಕಿತ್ತು.

ಆದರೆ ನನ್ನ ತಕರಾರು ಬರೀ ಸಮಯದ್ದಲ್ಲ. ಊರಲ್ಲಿ ಬಸುರಿ ಹೆಂಗಸು ಇದ್ದಾಳೆ ಅಂದರೆ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತೆ. ಮನೆಗೇ ಬಂದು ಲಸಿಕೆ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಬೈದು ಹೋಗ್ತಾಳೆ. ಕೂಸಿಗೆ ಅಂಗನವಾಡಿ ಇದೆ. ಬೆಂಗಳೂರಿಗೆ ಬಂದ ಕೂಡಲೇ ಇದೆಲ್ಲ ಕಡಿದುಹೋಗುತ್ತೆ. ಊರಿನ ಪಟ್ಟಿಯಲ್ಲಿ ಹೆಸರಿದೆ, ಆಕೆ ಇಲ್ಲ. ಇಲ್ಲಿ ಆಕೆ ಇದ್ದಾಳೆ, ಹೆಸರಿಲ್ಲ. ಶೆಡ್ಡಿಗೆ ಡೋರ್ ನಂಬರ್ ಇಲ್ಲ, ಕಟ್ಟಡ ಮುಗಿದರೆ ಶೆಡ್ಡೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇಡೀ ಡೇಟಾಬೇಸಿನ ಪ್ರೈಮರಿ ಕೀ ವಿಳಾಸವೇ ಆಗಿಬಿಟ್ಟಿದೆ. ಹತ್ತು ತಿಂಗಳಿಗೊಮ್ಮೆ ವಿಳಾಸ ಬದಲಾಗೋ ಮನುಷ್ಯ ಅದರಲ್ಲಿ ಕೂರೋದಿಲ್ಲ.

"ಹಾಗಾದರೆ ಒಂದು ಆ್ಯಪ್ ಮಾಡಿದರಾಯ್ತು" ಅನ್ನೋ ಗೆಳೆಯರಿಗೆ: ಆ ಕೆಲಸ ಅರ್ಧ ಆಗಿದೆ ಸ್ವಾಮೀ. ರೇಷನ್ ಕಾರ್ಡ್ ಈಗ ದೇಶದ ಯಾವ ಮೂಲೆಯಲ್ಲಾದರೂ ನಡೆಯುತ್ತೆ. ಕ್ಷಯ ರೋಗಿಯ ದಾಖಲೆಯನ್ನು ನಿಕ್ಷಯ್‌ನಲ್ಲಿ ಒಂದೂರಿಂದ ಇನ್ನೊಂದೂರಿಗೆ ವರ್ಗಾಯಿಸಬಹುದು. ಸಾಫ್ಟ್‌ವೇರ್ ಕಷ್ಟವಲ್ಲ. ಶೆಡ್ಡಿನ ಒಳಗೆ ನಡೆದುಹೋಗಿ "ಯಾರಿದೀರವ್ವಾ?" ಅಂತ ಕೇಳೋ ಮನುಷ್ಯರು ಬೇಕು. ಆ ಕೆಲಸಕ್ಕೆ ಸಂಬಳ ಕೊಡಬೇಕು.

ದುಡ್ಡೆಲ್ಲಿಂದ ಅಂತೀರಾ? ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಹಾಕೋದು ಕೂಲಿಯವರ ಕಲ್ಯಾಣಕ್ಕೇ. ಕುಡಿಯೋ ನೀರು, ಶೌಚಾಲಯ, ಇರೋದಕ್ಕೆ ಜಾಗ, ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಕೂಸಿನಮನೆ ಕೊಡಬೇಕು ಅಂತ 1996ರ ಕಾಯ್ದೆಯಲ್ಲೇ ಬರೆದಿತ್ತು. 2024ರಲ್ಲಿ ಡೆಂಗ್ಯೂ ಹೆಚ್ಚಾದಾಗ, ಕಟ್ಟಡ ನಡೆಯೋ ಜಾಗದಲ್ಲಿ ಸೊಳ್ಳೆ ಬೆಳೆಯೋಕೆ ಬಿಟ್ಟರೆ ಮಾಲೀಕರಿಗೆ ದಂಡ ಅಂತ ರಾಜ್ಯ ಸರ್ಕಾರ ನಿಯಮ ಮಾಡಿತು. ಒಳ್ಳೇದೇ. ಸೊಳ್ಳೆಮರಿ ಹುಡುಕೋಕೆ ಸೈಟಿನೊಳಗೆ ಹೋಗಬಹುದಾದರೆ ಅಲ್ಲೇ ಪಕ್ಕದಲ್ಲಿರೋ ಬಸುರಿಯರನ್ನೂ ಲೆಕ್ಕ ಹಾಕಬಹುದಲ್ವಾ?

ಇದು ನಮ್ಮೊಬ್ಬರ ಪಾಡಲ್ಲ. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ 2023ರ ಕೊನೆಗೆ ಕಾಲರಾ ಹಬ್ಬಿ, ಆಸ್ಪತ್ರೆ ಸಾಲದೆ ದೊಡ್ಡ ಫುಟ್ಬಾಲ್ ಸ್ಟೇಡಿಯಂ ಅನ್ನೇ ಚಿಕಿತ್ಸಾ ಕೇಂದ್ರ ಮಾಡಬೇಕಾಯ್ತು. ನೀರು, ಚರಂಡಿ ಮುಟ್ಟುವ ಮೊದಲೇ ಜನ ತುಂಬಿಕೊಂಡ ಬಡಾವಣೆಗಳು ಅಲ್ಲಿಯವು. ಬೆಂಗಳೂರಿಗೂ ಈ ಪಾಠ ಹಳೇದು: 1898ರ ಪ್ಲೇಗು ಬಂದ ಮೇಲೇ ಅಲ್ವಾ ಬಸವನಗುಡಿ, ಮಲ್ಲೇಶ್ವರ ಅಗಲ ರಸ್ತೆಗಳ ಬಡಾವಣೆಗಳಾಗಿ ಬೆಳೆದದ್ದು? ಆಮೇಲೆ ಊರು ಓಡಿದ ವೇಗ ನೋಡಿ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷ, 2011ರಲ್ಲಿ 85 ಲಕ್ಷ. ಅದರಲ್ಲಿ ಶೆಡ್ಡಿನವರು ಎಷ್ಟು ಸೇರಿದ್ದರೋ ದೇವರೇ ಬಲ್ಲ.

ಭೀಮರಾಯನಗುಡಿಯಲ್ಲಿ ಕಾಲುವೆ ಕೆಲಸದ ಇಂಜಿನಿಯರುಗಳಿಗೆ, ನೌಕರರಿಗೆ ಅಂತ ಕ್ವಾರ್ಟರ್ಸ್ ಕಟ್ಟಿದ್ದರು. ಕೆಲಸ ನಡೆಯೋ ಕಡೆ ಕೆಲಸದವರಿಗೆ ನೆಲೆ ಮಾಡಿಕೊಡೋದು ಸರ್ಕಾರಕ್ಕೆ ಗೊತ್ತಿರದ ವಿದ್ಯೆಯೇನಲ್ಲ. ಬೆಂಗಳೂರಿನಲ್ಲಿ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಶೆಡ್ಡು, ನೀರು, ಶೌಚಾಲಯದ ನಕ್ಷೆಯನ್ನೂ ಕೇಳಲಿ. ಕೆಲಸ ಶುರುವಾದ ದಿನವೇ ಹತ್ತಿರದ ಕ್ಲಿನಿಕ್ಕಿಗೆ ಅಲ್ಲಿರೋರ ಪಟ್ಟಿ ಹೋಗಲಿ. ನಿಮ್ಮ ಬೀದಿಯಲ್ಲೂ ಒಂದು ಸೈಟ್ ಇದ್ದೇ ಇರುತ್ತೆ. ಅಲ್ಲಿಗೆ ಆಶಾ ಕಾರ್ಯಕರ್ತೆ ಬರ್ತಾರಾ? ಸ್ವಲ್ಪ ಕೇಳಿ ನೋಡಿ, ಏನಂದರು ಅಂತ ನನಗೂ ಹೇಳಿ.