ಮೊರ ಹಿಡಿಯುವುದೂ ವ್ರತವೇ

ಮೈಸೂರಿನಲ್ಲಿ ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ ಚಾತುರ್ಮಾಸವೂ ಸಮೀಪಿಸುತ್ತದೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚು; ಆದುದರಿಂದಲೇ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಆದರೆ ಗೃಹಸ್ಥನ ಒಲೆ ನಿಲ್ಲುವಂತಿಲ್ಲ. ಅಕ್ಕಿಯಲ್ಲಿ ನುಸಿ, ಬೇಳೆಯಲ್ಲಿ ಹುಳು, ಸಕ್ಕರೆಗೆ ಇರುವೆ ಬರುವುದೂ ಇದೇ ದಿನಗಳಲ್ಲಿ. ಆಗ ಕೈ ಮೊದಲು ಚಾಚುವುದು ಕೀಟನಾಶಕದ ಕಡೆಗೆ.

ಜೈನಶಾಸ್ತ್ರವು ಗೃಹಸ್ಥನಿಂದ ಅಸಾಧ್ಯವಾದುದನ್ನು ಬಯಸುವುದಿಲ್ಲ. ಅಡುಗೆ ಮಾಡುವಾಗ, ಕಸ ಗುಡಿಸುವಾಗ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಎರಡನೆಯದನ್ನು ಬಿಡಲೇಬೇಕು; ಮೊದಲನೆಯದನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಹಾಗಾದರೆ, ಧಾನ್ಯವನ್ನು ಹುಳು ಬೀಳುವಂತೆ ಅಲಕ್ಷ್ಯದಿಂದ ಇಟ್ಟಾಗಲೇ ದೋಷ ಮೊದಲಾಯಿತು.

ಈ ದೃಷ್ಟಿಯಲ್ಲಿ ಹಿರಿಯರ ಮನೆವಾರ್ತೆಯ ಜಾಣ್ಮೆ ವ್ರತದ ಅಂಗವೇ ಆಗಿದೆ. ಮಳೆಗೆ ಮೊದಲೇ ಧಾನ್ಯವನ್ನು ಬಿಸಿಲಿನಲ್ಲಿ ಒಣಗಿಸಿ, ಬಿಸಿ ಆರಿದ ಮೇಲೆ ಡಬ್ಬಿಗೆ ತುಂಬುವುದು. ತೊಗರಿಬೇಳೆಗೆ ಹರಳೆಣ್ಣೆ ಸವರುವುದು. ಅಕ್ಕಿಯ ನಡುವೆ ಒಣಗಿದ ಬೇವಿನೆಲೆ ಇಡುವುದು. ತಿಂಗಳಿಗೆ ಬೇಕಾದಷ್ಟನ್ನೇ ತರುವುದು. ಇವೆಲ್ಲ ಹುಳುವನ್ನು ಕೊಲ್ಲುವ ಉಪಾಯಗಳಲ್ಲ, ಕೊಲ್ಲುವ ಪ್ರಸಂಗವೇ ಬಾರದಂತೆ ಕಾಯುವ ಉಪಾಯಗಳು. ಅಷ್ಟಾಗಿಯೂ ಮೊರದಲ್ಲಿ ಕಂಡ ಹುಳುವನ್ನು ನೆರಳಿನ ಜಾಗದಲ್ಲಿ ಮೆಲ್ಲನೆ ಬಿಡುತ್ತಿದ್ದರು.

ನೀರಿನ ವಿಷಯದಲ್ಲಿಯೂ ಹೀಗೆಯೇ. ಇಮ್ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಸೋಸಿದ ನೀರಿನಿಂದಲೇ ತೊಳೆದು, ಸೇದಿದ ಬಾವಿಗೇ ಮರಳಿಸುವುದು ಪದ್ಧತಿ. ಸೋಸಿದ ನೀರಿಗೂ 48 ನಿಮಿಷಗಳ ಮಿತಿಯುಂಟು. ಅನಂತರ ಮತ್ತೆ ಸೋಸಬೇಕು. ಇಂದಿನ ಶುದ್ಧೀಕರಣ ಯಂತ್ರ ಕುಡಿಯುವವರನ್ನು ಕಾಯುತ್ತದೆ. ಆ ಬಟ್ಟೆ ನೀರಿನಲ್ಲಿದ್ದ ಜೀವವನ್ನೂ ಕಾಯುತ್ತಿತ್ತು. ನಲ್ಲಿಯ ನೀರು ಬಳಸುವ ಮನೆಯಲ್ಲಿ ಬಾವಿಗೆ ಮರಳಿಸುವುದು ಆಗದು. ಯಂತ್ರ ಹೊರಬಿಡುವ ನೀರನ್ನು ಚರಂಡಿಗೆ ಹರಿಸದೆ ನೆಲ ಒರೆಸಲು ಬಳಸುವುದಂತೂ ಆದೀತು.

ಉದ್ಯೋಗಕ್ಕೆ ಹೋಗುವ ಗೃಹಿಣಿಗೆ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಕೀಟನಾಶಕವಲ್ಲ, ಕೆಲಸದ ಹಂಚಿಕೆ. ಅಣುವ್ರತಗಳು ಶ್ರಾವಕನಿಗೂ ಶ್ರಾವಿಕೆಗೂ ಸಮಾನ. ಗೊಮ್ಮಟಗಿರಿಯ ಬಾಹುಬಲಿಗೆ ಕೈಮುಗಿದು ಬಂದು, ಮನೆಯ ಅಹಿಂಸೆಯನ್ನೆಲ್ಲ ಹೆಣ್ಣುಮಕ್ಕಳ ಕೈಗೆ ಒಪ್ಪಿಸಿ ಕುಳಿತರೆ ವ್ರತ ಅರ್ಧವೇ ಆದೀತು. ಈ ಚಾತುರ್ಮಾಸದಲ್ಲಿ ಉಪವಾಸದ ನಿಯಮದ ಜೊತೆಗೆ, ವಾರಕ್ಕೊಮ್ಮೆ ಮೊರ ಹಿಡಿದು ಧಾನ್ಯ ಆರಿಸುವ ನಿಯಮವನ್ನೂ ಮನೆಯ ಗಂಡಸರು ಸ್ವೀಕರಿಸಲಿ.