ಲ್ಯಾಬಿನ ಬೀಗದ ಕೈ ಯಾರ ಹತ್ತಿರ?

ಬೇಲೂರು ತಾಲ್ಲೂಕಿನ ಅರೇಹಳ್ಳಿ ಸೀಮೆಯಲ್ಲಿ ಅರೇಬಿಕಾ ಕಾಫಿ ಗಿಡ ಸೊರಗಿ ಎಲೆ ಹಳದಿಗೆ ತಿರುಗಿದರೆ ತೋಟದ ಮೇಸ್ತ್ರಿ ಮೊದಲು ಕಾಂಡ ಸವರಿ ನೋಡುತ್ತಾನೆ. ತೊಗಟೆಯ ಮೇಲೆ ಬಳೆಯಂಥ ಉಬ್ಬು ಕೈಗೆ ಸಿಕ್ಕಿತೋ, ಒಳಗೆ ಬಿಳಿ ಕಾಂಡಕೊರಕ ಸೇರಿಕೊಂಡಿದೆ ಎಂದೇ ಲೆಕ್ಕ. ಗಿಡ ಕಿತ್ತು ಸುಡಬೇಕು. ಆ ಮೇಸ್ತ್ರಿಯ ಮಗಳು ಬೆಳಿಗ್ಗೆ ಬಸ್ಸು ಹತ್ತಿ ಬೇಲೂರಿಗೋ ಹಾಸನಕ್ಕೋ ಹೋಗಿ ಬಿ.ಎಸ್ಸಿ. ಓದುತ್ತಾಳೆ ಎಂದುಕೊಳ್ಳಿ. ಮೂರು ವರ್ಷದಲ್ಲಿ ಅವಳ ಪ್ರಾಣಿಶಾಸ್ತ್ರದ ಲ್ಯಾಬಿಗೆ ಈ ಹುಳು ಬಂದರೆ ಅದು ಪುಣ್ಯ. ಅಲ್ಲಿ ಅವಳಿಗಾಗಿ ಕಾದಿರುವುದು ಫಾರ್ಮಾಲಿನ್ ಬಾಟಲಿಯೊಳಗೆ ಬಣ್ಣ ಕಳೆದುಕೊಂಡ ನಕ್ಷತ್ರಮೀನು. ಅದರ ಚಿತ್ರ ಬರೆದು, ಭಾಗ ಗುರುತಿಸಿ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡರೆ ಪ್ರಾಕ್ಟಿಕಲ್ ಮುಗಿಯಿತು.

ಈ ಲ್ಯಾಬುಗಳನ್ನು ನವೀಕರಿಸಬೇಕು ಎಂಬ ಮಾತಿಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ನವೀಕರಣ ಎಂದರೇನು ಎಂಬಲ್ಲಿ. ಸರ್ಕಾರಿ ಕಾಮಗಾರಿಯ ಭಾಷೆಯಲ್ಲಿ ಅದಕ್ಕೆ ಟೈಲ್ಸು, ಕರಿ ಗ್ರಾನೈಟಿನ ಕಟ್ಟೆ, ಗೋಡೆಗೆ ಸ್ಮಾರ್ಟ್ ಬೋರ್ಡು, ಬಾಗಿಲಿಗೆ ಟೇಪು ಎಂದರ್ಥ. ಟೇಪು ಕತ್ತರಿಸಿದ ಮೇಲೆ ಬಾಗಿಲಿಗೆ ಬೀಗ ಬೀಳುತ್ತದೆ; ವಾರಕ್ಕೊಮ್ಮೆ ಪ್ರಾಕ್ಟಿಕಲ್ ಹೊತ್ತಿಗೆ ತೆಗೆದರೆ ಹೆಚ್ಚು. ಬಿಲ್ಲು ಪಾಸಾಗಲು ಗ್ರಾನೈಟು ಸಾಕು. ವಿದ್ಯಾರ್ಥಿಯೊಬ್ಬ ಒಂದು ಪ್ರಶ್ನೆ ಹಿಡಿದುಕೊಂಡು ಆರು ತಿಂಗಳು ದುಡಿಯಲು ಅದು ಸಾಲುವುದಿಲ್ಲ.

ಪದವಿ ಹಂತದಲ್ಲೇ ಸಂಶೋಧನೆ ಎಂಬ ಮಾತು ಕರ್ನಾಟಕದಲ್ಲಿ ಜೋರಾಗಿ ಕೇಳಿಬಂದದ್ದು 2021ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದು ನಾಲ್ಕು ವರ್ಷದ ಆನರ್ಸ್ ಪದವಿಯ ಬಾಗಿಲು ತೆರೆಯಿತು. ಮೊದಲ ಆರು ಸೆಮಿಸ್ಟರಿನಲ್ಲಿ ಶೇ 75 ಅಂಕ ಪಡೆದವರು ನಾಲ್ಕನೇ ವರ್ಷ ಸಂಶೋಧನೆ ಮಾಡಬಹುದು ಎಂದು ಯುಜಿಸಿ ಚೌಕಟ್ಟು ಹಾಕಿತು. ಸರ್ಕಾರ ಬದಲಾಯಿತು, ಸುಖದೇವ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, 2024ರ ಮೇ ತಿಂಗಳ ಆದೇಶದೊಂದಿಗೆ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಒಂದು ಪಕ್ಷದವರು ಸಂಶೋಧನೆಯ ಕತ್ತು ಹಿಸುಕಿದರು ಎಂದರು, ಇನ್ನೊಂದು ಪಕ್ಷದವರು ಬಡವರ ಮಕ್ಕಳ ಒಂದು ವರ್ಷ ಉಳಿಸಿದೆವು ಎಂದರು. ಎರಡೂ ಕಡೆಯವರು ಎಣಿಸಿದ್ದು ವರ್ಷಗಳನ್ನು. ಲ್ಯಾಬು ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂದು ಯಾರೂ ಎಣಿಸಲಿಲ್ಲ. ಹಾಸನ ವಿಶ್ವವಿದ್ಯಾಲಯದ ಗಲಾಟೆಯೂ ಇದೇ ಜಾಯಮಾನದ್ದು. 2023ರಲ್ಲಿ ಶುರುವಾದ ಹೊಸ ವಿಶ್ವವಿದ್ಯಾಲಯಗಳ ಪೈಕಿ ಅದೂ ಒಂದು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಗುರುತಿಸಿದ ಒಂಬತ್ತರಲ್ಲೂ ಅದರ ಹೆಸರಿತ್ತು. ವಿಶ್ವವಿದ್ಯಾಲಯದ ಬೋರ್ಡು ಇರಬೇಕೋ ಬೇಡವೋ ಎಂಬ ಜಗಳದಲ್ಲಿ ಬೋರ್ಡಿನ ಹಿಂದಿನ ಲ್ಯಾಬು ಯಾರ ಕಣ್ಣಿಗೂ ಬೀಳಲಿಲ್ಲ.

ಜೀವಶಾಸ್ತ್ರದ ಲ್ಯಾಬಿಗೆ ಒಂದು ಸದವಕಾಶ ಇದಕ್ಕೂ ಮೊದಲೇ ಒದಗಿತ್ತು. 2014ರಲ್ಲಿ ಯುಜಿಸಿ ಪ್ರಾಣಿಗಳ ಅಂಗಛೇದನವನ್ನು ನಿಲ್ಲಿಸಲು ಹೇಳಿತು. ಕಪ್ಪೆ ಉಳಿಯಿತು, ಒಳ್ಳೆಯದೇ. ಆದರೆ ಕಪ್ಪೆ ಕೊಯ್ಯುತ್ತಿದ್ದ ಗಂಟೆಗಳನ್ನು ಚಾರ್ಟು, ಮಾಡೆಲ್ಲು, ಸಿ.ಡಿ.ಗಳಿಂದ ತುಂಬಿಸಲಾಯಿತು. ಸತ್ತ ಪ್ರಾಣಿ ಹೋದ ಜಾಗಕ್ಕೆ ಜೀವಂತ ಪ್ರಾಣಿಯನ್ನು ತಂದು, ಅದು ಏನು ಮಾಡುತ್ತದೆ ನೋಡಿ ಬರೆಯಿರಿ ಎಂದು ಹೇಳಬಹುದಿತ್ತು.

ಅದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ನೊಣದ ಕೋಣೆಯನ್ನು ನೆನೆಯಬೇಕು. 16 ಅಡಿಗೆ 23 ಅಡಿ. ಎಂಟು ಮೇಜು, ಹಾಲಿನ ಸೀಸೆಗಳು, ಕೊಳೆತ ಬಾಳೆಹಣ್ಣು. ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅಲ್ಲಿ ಹಣ್ಣಿನ ನೊಣ ಸಾಕುತ್ತಿದ್ದ. 1911ರಲ್ಲಿ ಅವನ ಶಿಷ್ಯ ಆಲ್ಫ್ರೆಡ್ ಸ್ಟರ್ಟವಂಟ್ ಇನ್ನೂ ಪದವಿ ಮುಗಿಸಿರದ ಹುಡುಗ. ಕಾಲೇಜಿನ ಹೋಂವರ್ಕ್ ಬದಿಗಿಟ್ಟು ಒಂದು ರಾತ್ರಿ ಕೂತು, ವರ್ಣತಂತುವಿನ ಮೇಲೆ ವಂಶವಾಹಿಗಳ ಸರದಿ ತೋರಿಸುವ ಜಗತ್ತಿನ ಮೊದಲ ನಕ್ಷೆ ಬರೆದ. ಅದು 1913ರಲ್ಲಿ ಅಚ್ಚಾಯಿತು. ನಮ್ಮಲ್ಲಾದರೆ ಆ ಹುಡುಗನಿಗೆ ಇಂಟರ್ನಲ್ ಅಂಕ ಕಟ್ಟಾಗುತ್ತಿತ್ತು.

ಅಮೆರಿಕ ದೂರವಾಯಿತು ಎನ್ನುವವರಿಗೆ ಮೈಸೂರು ಇದೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಎಂ.ಆರ್. ರಾಜಶೇಖರಶೆಟ್ಟಿ ಅವರ ಕಾಲದಿಂದ ಹಣ್ಣಿನ ನೊಣದ ಅಧ್ಯಯನ ಬೇರು ಬಿಟ್ಟಿತು. ಡ್ರೊಸೊಫಿಲಾ ಎಂಬ ಈ ನೊಣದ ತಳಿಗಳ ರಾಷ್ಟ್ರೀಯ ಸಂಗ್ರಹ ಕೇಂದ್ರ ಇರುವುದೂ ಅಲ್ಲೇ. ಅಲ್ಲಿನ ಸಂಶೋಧಕರು ವಿವರಿಸಿದ ಹೊಸ ಪ್ರಭೇದಗಳಲ್ಲಿ ಒಂದಕ್ಕೆ ಗುರುವಿನ ಹೆಸರು, ‘ರಾಜಶೇಖರಿ’. ಇನ್ನೊಂದಕ್ಕೆ ಊರಿನ ಹೆಸರು, ‘ಮೈಸೂರೆನ್ಸಿಸ್’. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ತನ್ನ ‘ಕ್ಯೂಬ್’ ಕಾರ್ಯಕ್ರಮದಲ್ಲಿ ಪದವಿ ವಿದ್ಯಾರ್ಥಿಗಳ ಕೈಗೆ ಇಂಥವೇ ಅಗ್ಗದ ಜೀವಿಗಳನ್ನು ಕೊಡುತ್ತದೆ: ಹಣ್ಣಿನ ನೊಣ, ನೀರುಚಿಗಟ, ಬಸವನಹುಳು, ಎರೆಹುಳು. ಬಾಳೆಹಣ್ಣು ಇಟ್ಟ ಬಾಟಲಿಯನ್ನು ಕಿಟಕಿಯಲ್ಲಿಟ್ಟರೆ ನೊಣ ತಾನಾಗಿ ಬರುತ್ತದೆ, ಟೆಂಡರ್ ಕರೆಯಬೇಕಿಲ್ಲ.

ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಪ್ರಶ್ನೆಗಳಿಗೇನು ಬರವೇ? ಅರಸೀಕೆರೆಯ ತೆಂಗನ್ನೇ ನೋಡಿ. ಕಪ್ಪುತಲೆ ಹುಳು ಗರಿಯ ಹಸಿರನ್ನು ಕೆರೆದು ತಿಂದು ತೋಟವನ್ನು ಸುಟ್ಟಂತೆ ಮಾಡುತ್ತದೆ. ಅದಕ್ಕೆ ಮದ್ದಾಗಿ ತೋಟಕ್ಕೆ ಬಿಡುವುದು ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು. ಅದು ಹುಳುವನ್ನು ಕುಟುಕಿ ಅಲ್ಲಾಡದಂತೆ ಮಾಡಿ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಆ ಹುಳುವನ್ನೇ ತಿಂದು ಬೆಳೆಯುತ್ತವೆ. ಈ ಕಣಜವನ್ನು ಸಾಕುವುದು ಅಕ್ಕಿಪತಂಗದ ಮರಿಗಳ ಮೇಲೆ. ಬೇಕಾಗುವುದು ನುಚ್ಚು ಮಾಡಿದ ಜೋಳ, ಪ್ಲಾಸ್ಟಿಕ್ ಟಬ್ಬು, ಗಾಜಿನ ಕೊಳವೆ, ಜೇನುತುಪ್ಪ. ಜೊತೆಗೆ ಭಾನುವಾರವೂ ಬಂದು ನೋಡಿಹೋಗುವ ಒಬ್ಬರು. ಯಾವ ಉಷ್ಣಾಂಶಕ್ಕೆ ಎಷ್ಟು ಮರಿ ಬದುಕಿದವು, ಗಂಡೆಷ್ಟು ಹೆಣ್ಣೆಷ್ಟು ಎಂದು ಒಂದು ಸೆಮಿಸ್ಟರು ಎಣಿಸಿದರೆ ಅದು ಸಂಶೋಧನೆಯೇ, ರೈತನ ಕೈಗೆ ಸಿಗುವ ಸಂಶೋಧನೆ. ಅರಸೀಕೆರೆಯಲ್ಲೇ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಕಾಫಿಗೆ ಬಾಳೆಹೊನ್ನೂರಿನ ಕೇಂದ್ರವಿದೆ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕಾಲದಲ್ಲಿ 1925ರಲ್ಲಿ ಆರಂಭವಾದದ್ದು. ನೆರೆಮನೆಯಲ್ಲಿ ವಿದ್ವಾಂಸರಿದ್ದೂ ಕಾಲೇಜಿನ ಮಕ್ಕಳು ಅಲ್ಲಿಗೆ ವರ್ಷಕ್ಕೊಂದು ‘ವಿಸಿಟ್’ ಹೋಗಿ ಗ್ರೂಪ್ ಫೋಟೊ ತೆಗೆಸಿಕೊಂಡು ಬರುವುದನ್ನೇ ಸಹಯೋಗ ಎಂದು ವರದಿಯಲ್ಲಿ ಬರೆಯುವುದು ವಿಚಿತ್ರ. ಹಳೇಬೀಡಿನ ದ್ವಾರಸಮುದ್ರ ಕೆರೆಯ ನೀರಿನ ಸೂಕ್ಷ್ಮಜೀವಿಗಳು, ಅರೇಹಳ್ಳಿ-ಬಿಕ್ಕೋಡು ಕಡೆಯ ಆನೆ ಲದ್ದಿಯಲ್ಲಿ ಸಿಗುವ ಬೀಜಗಳು: ಪಟ್ಟಿ ಬೆಳೆಸುತ್ತ ಹೋಗಬಹುದು.

ಹಳ್ಳಿಯ ಮಕ್ಕಳಿಗೆ ಸಂಶೋಧನೆ ಯಾಕೆ, ಮೊದಲು ಪಾಸಾಗಲಿ, ಕೆಲಸ ಸಿಗಲಿ ಎಂಬ ವಾದವನ್ನು ಒಳ್ಳೆಯ ಮನಸ್ಸಿನವರೇ ಮುಂದಿಡುತ್ತಾರೆ. ಆದರೆ ಲೆಕ್ಕ ಇಡುವುದು, ತಪ್ಪಾದಾಗ ಮತ್ತೆ ಮಾಡುವುದು, ಕಂಡದ್ದನ್ನು ಬರೆಯುವುದು ಕೂಡ ಕೆಲಸಕ್ಕೆ ಬರುವ ವಿದ್ಯೆಯೇ ಅಲ್ಲವೇ? ಬೆಂಗಳೂರಿನ ಮಗುವಿಗೆ ಅದು ಬೇಕು, ಬೇಲೂರಿನ ಮಗುವಿಗೆ ಬಾಟಲಿಯೊಳಗಿನ ಸ್ಪಾಟರ್ ಗುರುತಿಸಿದರೆ ಸಾಕು ಎನ್ನುವುದು ದಯೆಯ ವೇಷ ಹಾಕಿದ ತಾತ್ಸಾರ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ನಿಜವಾದ ತೂಕವಿದೆ. ಮಾಡಿಸುವವರು ಯಾರು? ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. 2023ರ ನವೆಂಬರಿನಲ್ಲಿ ಅವರು ತರಗತಿ ಬಿಟ್ಟು ಧರಣಿ ಕೂತರು, ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ನಡೆದರು. ಕೇಳಿದ್ದು ಸೇವಾ ಭದ್ರತೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ತಿಳಿಯದವರು ಎರಡು ವರ್ಷದ ಪ್ರಯೋಗಕ್ಕೆ ಹೇಗೆ ಕೈಹಾಕಿಯಾರು? ಇದರ ಮೇಲೆ ಸ್ಟಾಕ್ ರಿಜಿಸ್ಟರಿನ ಭಯ. ಸೂಕ್ಷ್ಮದರ್ಶಕದ ಮಸೂರ ಒಡೆದರೆ ಯಾರು ಉತ್ತರ ಕೊಡಬೇಕು ಎಂಬ ಅಂಜಿಕೆಯಲ್ಲಿ ಅದು ಬೀರುವಿನಲ್ಲೇ ಕೂತು ಬೂಸ್ಟು ಹಿಡಿಯುತ್ತದೆ. ಒಡೆದ ಮಸೂರಕ್ಕೆ ವಿವರಣೆ ಕೇಳುವ ಕಚೇರಿ, ಬೂಸ್ಟು ಹಿಡಿದದ್ದಕ್ಕೆ ಕೇಳುವುದಿಲ್ಲ.

ಆದ್ದರಿಂದ ನವೀಕರಣದ ಅಂದಾಜುಪಟ್ಟಿಯಲ್ಲಿ ಮೊದಲ ಸಾಲು ಒಬ್ಬ ಲ್ಯಾಬ್ ಸಹಾಯಕನ ಸಂಬಳದ್ದಾಗಿರಬೇಕು, ಸಂಜೆ ಏಳರವರೆಗೆ ಬಾಗಿಲು ತೆರೆದಿಡುವವನದು. ಅನಂತರ ಒಡೆಯುವುದಕ್ಕೆ, ಚೆಲ್ಲುವುದಕ್ಕೆ, ಮುಗಿದುಹೋಗುವುದಕ್ಕೆ ವರ್ಷ ವರ್ಷ ಬರುವ ಚಿಲ್ಲರೆ ಹಣ. ಫಾರ್ಮಾಲಿನ್ ಹೊಗೆ ಹೊರಹಾಕುವ ಫ್ಯಾನು, ಹುಳು ಸಾಕಲು ಬೆಚ್ಚಗಿನ ಒಂದು ಮೂಲೆ, ಕಟ್ಟಡದ ಹಿಂದೆ ನೆರಳುಬಲೆಯ ಮನೆ. ಅತಿಥಿ ಉಪನ್ಯಾಸಕ ಪ್ರಾಜೆಕ್ಟ್ ನೋಡಿಕೊಂಡ ಗಂಟೆಗೂ ಪಾಠದ ಗಂಟೆಯಷ್ಟೇ ಬೆಲೆ. ಇಷ್ಟಾಗಿ ಹಣ ಉಳಿದರೆ ಗ್ರಾನೈಟು ಹಾಕಿಸಲಿ, ಯಾರು ಬೇಡ ಎನ್ನುತ್ತಾರೆ.

ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಕಾಂಡ ಕೊರೆದು ಹೊರಬರುತ್ತದೆ, ಮುಂಗಾರಿಗೆ ಮುಂಚೆ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನ ನಡುವೆ ಇನ್ನೊಮ್ಮೆ. ಕೊರೆದ ಕಾಂಡವನ್ನು ಬಲೆಯೊಳಗಿಟ್ಟು, ಯಾವ ವಾರ ಎಷ್ಟು ದುಂಬಿ ಬಂತು ಎಂದು ಎಣಿಸುವುದು ಅರೇಹಳ್ಳಿಯ ಆ ಹುಡುಗಿಗೆ ಕಷ್ಟದ ಕೆಲಸವೇನಲ್ಲ. ಕಾಂಡವನ್ನು ಅಪ್ಪನೇ ಕಡಿದು ಕೊಡುತ್ತಾನೆ. ಅದನ್ನು ಬಸ್ಸಿನಲ್ಲಿ ಹೊತ್ತು ತಂದರೆ ಇಡಲು ಒಂದು ಮೇಜು ಬೇಕು. ಶನಿವಾರ ಮಧ್ಯಾಹ್ನವೂ ಆ ಕೋಣೆಯ ಬಾಗಿಲು ತೆರೆದಿರಬೇಕು.