ಸೊನ್ನೆ ತೋರಿಸುವ ಯಂತ್ರವನ್ನು ನಂಬಬಹುದೇ?

ಸಾಲ್ಟ್ ಅನಾಲಿಸಿಸ್ ನಡೆಯುವ ದಿನ ಕೆಮಿಸ್ಟ್ರಿ ಲ್ಯಾಬಿನಿಂದ ಬರುವ ಕೊಳೆತ ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಅದು ಹೈಡ್ರೋಜನ್ ಸಲ್ಫೈಡ್. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗಳಿಗೆ ಇಳಿದವರ ಪ್ರಾಣ ತೆಗೆಯುವ ಅನಿಲಗಳಲ್ಲಿ ಇದೂ ಒಂದು. ಸುಮಾರು 100 ಪಿಪಿಎಂ ಮುಟ್ಟಿದರೆ ಮೂಗೇ ಸೋಲುತ್ತದೆ, ವಾಸನೆ ತಿಳಿಯುವುದಿಲ್ಲ. ಅದಕ್ಕಾಗಿಯೇ ಕೈಯಲ್ಲಿ ಹಿಡಿಯುವ ಗ್ಯಾಸ್ ಡಿಟೆಕ್ಟರ್ ಬೇಕು ಎನ್ನುವುದು. ಆದರೆ ಯಂತ್ರ ಕೊಂಡುಬಿಟ್ಟರೆ ಕೆಲಸ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಸೌದಿಯ ಜುಬೈಲ್‌ನಲ್ಲಿ ಸೇಫ್ಟಿ ಕೆಲಸದಲ್ಲಿರುವ ನನ್ನ ಮಾವ ರಜೆಯಲ್ಲಿ ಬಂದಾಗ ಇದನ್ನು ಬಿಡಿಸಿ ಹೇಳಿದರು. ಕೆಲಸಕ್ಕೆ ಇಳಿಯುವ ಮುನ್ನ ಪ್ರತಿದಿನ, ಪ್ರಮಾಣ ಗೊತ್ತಿರುವ ಅನಿಲವನ್ನು ಪುಟ್ಟ ಸಿಲಿಂಡರಿನಿಂದ ಸೆನ್ಸರ್ ಮೇಲೆ ಹಾಯಿಸುತ್ತಾರೆ. ಅಲಾರಂ ಹೊಡೆದುಕೊಂಡರೆ ಯಂತ್ರ ಬದುಕಿದೆ ಎಂದರ್ಥ. ಇದು ಬಂಪ್ ಟೆಸ್ಟ್. ಕ್ಯಾಲಿಬ್ರೇಷನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮೊದಲು ಶುದ್ಧ ಗಾಳಿಯಲ್ಲಿ ವಿಷಾನಿಲಗಳ ಅಂಕಿ ಸೊನ್ನೆಗೂ ಆಮ್ಲಜನಕದ ಅಂಕಿ ಶೇಕಡಾ 20.9ಕ್ಕೂ ಬರಬೇಕು. ಆಮೇಲೆ ಸಿಲಿಂಡರಿನಲ್ಲಿರುವುದು 25 ಪಿಪಿಎಂ ಆದರೆ ಪರದೆಯಲ್ಲೂ 25 ಕಾಣುವಂತೆ ಹೊಂದಿಸಬೇಕು. ಚಾಲೂ ಇರುವ ಲಾರಿಯ ಹೊಗೆಯ ಪಕ್ಕ ನಿಂತು ಸೊನ್ನೆ ಹೊಂದಿಸಿದರೆ ಆ ಹೊಗೆಯನ್ನೇ ಯಂತ್ರ ಶುದ್ಧ ಗಾಳಿ ಎಂದುಕೊಳ್ಳುತ್ತದೆ! ಆಮೇಲೆ ಅದು ತೋರಿಸುವುದೆಲ್ಲ ನಿಜಕ್ಕಿಂತ ಕಡಿಮೆ. ಫಿಸಿಕ್ಸ್ ಲ್ಯಾಬಿನ ಸ್ಕ್ರೂಗೇಜಿನ ಝೀರೋ ಎರರ್ ನೆನಪಿಸಿಕೊಳ್ಳಿ. ಅಲ್ಲಿ ಹೋಗುವುದು ಅರ್ಧ ಅಂಕ.

ಸೆನ್ಸರ್ ಸದ್ದಿಲ್ಲದೆ ಸಾಯುತ್ತದೆ ಎಂಬುದೇ ಭಯದ ಸಂಗತಿ. ಉರಿಯುವ ಅನಿಲ ಪತ್ತೆಹಚ್ಚುವ ಸೆನ್ಸರಿಗೆ ಸಿಲಿಕೋನ್ ಸ್ಪ್ರೇಯ ಆವಿ ತಗುಲಿದರೂ ಸಾಕು, ಅದು ಕೆಡಬಹುದು. ಪರದೆ ಮಾತ್ರ ಹೊಳೆಯುತ್ತಲೇ ಇರುತ್ತದೆ, ಸೊನ್ನೆ ತೋರಿಸುತ್ತಲೇ ಇರುತ್ತದೆ. ಗಾಜಿನ ಕಪಾಟಿನಲ್ಲಿ ಜೋಪಾನವಾಗಿಟ್ಟ ಇಂಥ ಒಂದು ಯಂತ್ರವನ್ನು ನಾನೊಂದು ಕಡೆ ನೋಡಿದೆ. ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿದರೆ, "ಲೈಟ್ ಬರ್ತದಲ್ಲ, ಸರಿ ಉಂಟು" ಎಂಬ ಉತ್ತರ ಬಂತು.

ನಮ್ಮ ಅಜ್ಜಂದಿರ ಕಾಲದಲ್ಲಿ ಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ಆಮ್ಲಜನಕ ತೀರಾ ಕಡಿಮೆಯಿದ್ದರೆ ದೀಪ ಆರುತ್ತಿತ್ತು, ನಿಜ. ಆದರೆ ಜೀವಕ್ಕೆ ಸಾಕಾಗುವಷ್ಟು ಹೈಡ್ರೋಜನ್ ಸಲ್ಫೈಡ್ ಇದ್ದರೂ ಅದು ಆರುವುದಿಲ್ಲ. ಮೀಥೇನ್ ತುಂಬಿದ ಗುಂಡಿಗಾದರೆ ನಾವೇ ಬೆಂಕಿ ಇಟ್ಟಂತೆ. ಪರೀಕ್ಷಿಸದ ಡಿಟೆಕ್ಟರ್ ಒಂದು ಲೆಕ್ಕದಲ್ಲಿ ಆ ದೀಪಕ್ಕಿಂತಲೂ ಕಡೆ. ದೀಪವನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ.

ಸಿಲಿಂಡರಿಗೆ ಖರ್ಚಿದೆ, ಅದಕ್ಕೂ ಅವಧಿ ಮುಗಿಯುವ ದಿನಾಂಕವಿದೆ, ಎಲ್ಲರಿಗೂ ಆಗದು ಎನ್ನುವವರಿದ್ದಾರೆ. ಹಾಗಾದರೆ ಯಂತ್ರ ಕೊಳ್ಳುವ ದಿನವೇ ಸಿಲಿಂಡರನ್ನೂ ಒಂದು ಲಾಗ್‌ಬುಕ್ಕನ್ನೂ ಅದೇ ಬಿಲ್ಲಿನಲ್ಲಿ ಸೇರಿಸಲಿ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಬಾರದೆಂದು 2013ರ ಕಾಯ್ದೆಯೇ ಹೇಳುತ್ತದೆ. ಕೆಟ್ಟ ಡಿಟೆಕ್ಟರನ್ನು ರಕ್ಷಣಾ ಸಾಧನ ಎಂದು ಕರೆಯಲು ಸಾಧ್ಯವೇ? ಮುಂದಿನ ಸಲ ನಿಮ್ಮ ಮನೆಗೋ ಮಸೀದಿಗೋ ಟ್ಯಾಂಕ್ ಶುಚಿ ಮಾಡುವವರು ಡಿಟೆಕ್ಟರ್ ಹಿಡಿದು ಬಂದರೆ, ಮುಚ್ಚಳ ತೆಗೆಯುವ ಮೊದಲು ಲಾಗ್‌ಬುಕ್ ತೋರಿಸಿ ಎನ್ನಿ. ಆ ದಿನದ ತಾರೀಕು ಅದರಲ್ಲಿ ಇಲ್ಲದಿದ್ದರೆ ಕೆಲಸ ನಾಳೆಗಿರಲಿ.